ಮನೆ ಕಾದ ಎರಡು ತಿಂಗಳು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಎಂದಿನಂತೆ 'ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿ' ಎಂಬ ಶೀರ್ಷಿಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಾಗದವನ್ನು ಮುಂದಕ್ಕೆಳೆದುಕೊಂಡೆ. ಈ ವಿಷಯದ ಮೇಲೆ ನಾನು ಎಷ್ಟು ಸಲ ಮಾತನಾಡಿದ್ದೇನೆ ಎಂಬುದು ಸಂಘದ ಹಿರಿಯ ಸದಸ್ಯರಿಗೆಲ್ಲ ತಿಳಿದಿದೆ. ಅವರ ತಾಳ್ಮೆಗೆ ನಾನು ಋಣಿ. ಆದರೆ ಈ ಬಾರಿ ಲೇಖನಿ ಮುಂದೆ ಸಾಗಲಿಲ್ಲ. ಇದೇ ವಿಷಯದ ಮೇಲೆ ಒಂದು ರಾತ್ರಿ ನಾನು ಮಾಡಿದ ಉಪನ್ಯಾಸದಿಂದ ಸ್ನೇಹಿತರೊಬ್ಬರ ಮನೆಗೆ ಆದ ನಷ್ಟ ನೆನಪಿಗೆ ಬಂತು. ಅದನ್ನು ಬರೆಯುವುದೇ ಹೆಚ್ಚು ಪ್ರಾಮಾಣಿಕವೆಂದು ತೋರಿತು.

ಪೆರ್ಲದ ಆಸುಪಾಸಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ನನ್ನ ಬಾಲ್ಯದ ಸಹಪಾಠಿ ಭಟ್ಟರ ಅಡಿಕೆ ತೋಟವಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ವಿಶಾಲವಾದ ಜಗಲಿ. ಅಜ್ಜನ ಕಾಲದ ಮನೆ. ಮಗಳು ಬೆಂಗಳೂರಿಗೆ, ಮಗ ಅಮೆರಿಕೆಗೆ ಹೋದ ಮೇಲೆ ಉಪ್ಪರಿಗೆಯ ಕೋಣೆಗಳು ಬರಿದಾದವು. ಅಡಿಕೆಯ ಧಾರಣೆಯನ್ನು ನಂಬುವಂತಿಲ್ಲ, ಮರ ಏರುವವರು ಸಿಗುವುದಿಲ್ಲ. ಮಕ್ಕಳ ಸಲಹೆಯಂತೆ ಮೂರು ಕೋಣೆಗಳನ್ನು ದುರಸ್ತಿ ಮಾಡಿಸಿ ಪ್ರವಾಸಿಗರಿಗೆ ಹೋಮ್‌ಸ್ಟೇ ಆರಂಭಿಸಿದರು. ಕೆಳದಿಯ ನಾಯಕರು 17ನೆಯ ಶತಮಾನದಲ್ಲಿ ಕಟ್ಟಿದ ಬೇಕಲ ಕೋಟೆ, ಮಧೂರು ದೇವಸ್ಥಾನ, ಅನಂತಪುರದ ಸರೋವರ ಕ್ಷೇತ್ರ, ಪೊಸಡಿ ಗುಂಪೆಯ ಬೆಟ್ಟ ಇವನ್ನೆಲ್ಲ ನೋಡಲು ಬಂದವರು ರಾತ್ರಿ ಅಲ್ಲಿ ತಂಗುತ್ತಿದ್ದರು. ಅನಂತಪುರದ ಮೊಸಳೆ ಬಬಿಯಾ ಆಗ ಜೀವಂತವಾಗಿತ್ತು. ಅದನ್ನು ಕಂಡೇ ಬರುವೆವೆಂದು ಹಟ ಹಿಡಿಯುವ ಮಕ್ಕಳು ಬಹಳ. ಬಂದವರಿಗೆ ಮೊದಲು ಬೆಲ್ಲ ನೀರು. ಆಮೇಲೆ ಉಳಿದ ಮಾತು. ಆ ಮನೆಯ ಪದ್ಧತಿ ಹೋಮ್‌ಸ್ಟೇ ಆದ ಮೇಲೂ ಬದಲಾಗಲಿಲ್ಲ.

2018ರಲ್ಲಿ ಸೊಸೆಯ ಬಾಣಂತನಕ್ಕೆಂದು ಭಟ್ಟರೂ ಅವರ ಪತ್ನಿಯೂ ಅಮೆರಿಕೆಗೆ ಹೊರಟರು. ವಿಷು ಕಳೆದು ಮೂರು ದಿನಕ್ಕೆ ಪ್ರಯಾಣ, ಜೂನ್ ನಡುವಿನಲ್ಲಿ ಮರಳುವುದು. ಬಾಣಂತನ ಹೊರಗಿನ ಕಾರಣ. ತೋಟವನ್ನು ಮಾರಿ ಅಪ್ಪ ಅಮ್ಮ ತನ್ನೊಡನೆಯೇ ಇರಬೇಕೆಂದು ಮಗ ಒತ್ತಾಯಿಸುತ್ತಿದ್ದ. ಆ ಮಾತು ಅಲ್ಲಿ ಇತ್ಯರ್ಥವಾಗಬೇಕಿತ್ತು. ಹೊರಡುವ ವಾರದಲ್ಲಿ ಭಟ್ಟರು ನನ್ನ ಮನೆಗೆ ಬಂದರು.

"ಮಾಸ್ಟ್ರೇ, ಬಂದ ಮೇಲೆ ಏನು ಮಾಡುವುದೆಂದು ನಾನಿನ್ನೂ ನಿಶ್ಚಯಿಸಿಲ್ಲ. ಎರಡು ತಿಂಗಳು ಆ ಬಾಗಿಲಿಗೆ ಬೀಗ ಬಿದ್ದರೆ ಮತ್ತೆ ತೆರೆಯುವ ಮನಸ್ಸು ನನಗೇ ಬರಲಿಕ್ಕಿಲ್ಲ. ನೀವು ಬಂದು ಇದ್ದುಕೊಳ್ಳಿ. ಕೋಣೆ ಹೇಳಿಟ್ಟ ಅತಿಥಿಗಳೂ ಇದ್ದಾರೆ" ಎಂದರು.

ನಾನು ನಿವೃತ್ತನಾಗಿ ಆಗಲೇ ಹದಿಮೂರು ವರ್ಷಗಳು ಸಂದಿದ್ದವು. ಮನೆಯಾಕೆ ತೀರಿಕೊಂಡು ಮೂರು ವರ್ಷ. ನನ್ನ ಮನೆಯಲ್ಲಿ ನನಗಾಗಿ ಕಾದಿರುವ ಕೆಲಸವೇನೂ ಇರಲಿಲ್ಲ. ಒಪ್ಪಿಕೊಂಡೆ. ಆದರೆ ಒಬ್ಬನಿಂದ ಆಗುವ ಕೆಲಸವಲ್ಲವೆಂದು ಭಟ್ಟರು ಇನ್ನೊಬ್ಬರನ್ನೂ ಒಪ್ಪಿಸಿದ್ದರು. ಅವರು ನಮ್ಮ ಶಾಲೆಯ ನಿವೃತ್ತ ಮಲಯಾಳ ಅಧ್ಯಾಪಕರು. ಎಲ್ಲರೂ ಅವರನ್ನು ಮಾಷ್ ಎಂದೇ ಕರೆಯುತ್ತಾರೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮ, ಮಲಯಾಳ ಮಾಧ್ಯಮ ಎರಡೂ ಇದ್ದುವು. ಅಧ್ಯಾಪಕರ ಕೋಣೆ ಒಂದೇ, ಮೇಜುಗಳು ಎರಡು. ಇಪ್ಪತ್ತು ವರ್ಷ ನಾನೂ ಮಾಷರೂ ಅಲ್ಲಿ ಒಳ್ಳೆಯ ಸಹೋದ್ಯೋಗಿಗಳಾಗಿದ್ದೆವು. ಆದರೆ 2017ರಲ್ಲಿ ರಾಜ್ಯದ ಶಾಲೆಗಳಲ್ಲೆಲ್ಲ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರೆಲ್ಲ ಬೀದಿಗಿಳಿದೆವು. ನಾನೂ ಸಭೆಗಳಲ್ಲಿ ಮಾತನಾಡಿದೆ, ಕಟುವಾಗಿಯೇ ಮಾತನಾಡಿದೆ. ಆಮೇಲೆ ಮಾಷರು ಪೇಟೆಯಲ್ಲಿ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುವಷ್ಟೇ ಬಳಕೆ ಉಳಿದಿತ್ತು. ಭಟ್ಟರು ನಮ್ಮಿಬ್ಬರನ್ನು ಒಂದೇ ಮನೆಯಲ್ಲಿ ಇರಿಸಿದ್ದು ಆಕಸ್ಮಿಕವಲ್ಲವೆಂದು ಈಗ ನನಗನಿಸುತ್ತದೆ.

ಭಟ್ಟರ ಪತ್ನಿ ಒಂದು ನೋಟುಪುಸ್ತಕವನ್ನು ಕೊಟ್ಟು ಹೋಗಿದ್ದರು. ಮೊದಲ ನಾಲ್ಕು ಪುಟಗಳಲ್ಲಿ ಸೂಚನೆಗಳು: ಬೀಗದ ಕೈಗಳು ಎಲ್ಲಿ, ದನಕ್ಕೆ ಹಿಂಡಿ ಎಷ್ಟು, ಅಡುಗೆಗೆ ಬರುವ ಹೆಂಗಸಿಗೆ ಯಾವ ದಿನ ರಜೆ, ಯಾವ ಕೋಣೆಯ ಕಿಟಕಿ ಮಳೆಗೆ ಸೋರುತ್ತದೆ. ಅನಂತರದ ಪುಟಗಳು ಖಾಲಿ. ದಿನದ ವಿವರಗಳನ್ನು ಅಲ್ಲಿ ಬರೆದಿಡಬೇಕೆಂದು ಅವರ ಅಪೇಕ್ಷೆ. ಒಂದು ದಿನ ನಾನು ಕನ್ನಡದಲ್ಲಿ, ಮರುದಿನ ಮಾಷರು ಮಲಯಾಳದಲ್ಲಿ ಬರೆಯುವುದೆಂದು ಗೊತ್ತು ಮಾಡಿಕೊಂಡೆವು. ಭಟ್ಟರಿಗೆ ಎರಡೂ ಓದಲು ಬರುತ್ತಿತ್ತು. ನನಗೆ ಮಲಯಾಳ ಅಕ್ಷರಗಳು ಬರುತ್ತವೆ, ಓದು ನಿಧಾನ.

ಸೂಚನೆಗಳಲ್ಲಿ ಎರಡು ಸಲ ಅಡಿಗೆರೆ ಎಳೆದ ವಾಕ್ಯ ಒಂದೇ: 'ಸುರಂಗದ ಟಾಂಕಿಯ ವಾಲ್ವನ್ನು ರಾತ್ರಿ ಮಲಗುವ ಮೊದಲು ಮುಚ್ಚಬೇಕು.'

ಹೊರ ಊರುಗಳಲ್ಲಿರುವ ನಮ್ಮ ಸದಸ್ಯರ ಮಕ್ಕಳಿಗಾಗಿ ಸುರಂಗವೆಂದರೇನೆಂಬುದನ್ನು ಹೇಳಬೇಕು. ನಮ್ಮ ಗುಡ್ಡಗಳ ಮುರಕಲ್ಲು ಮಳೆಗಾಲದ ನೀರನ್ನು ಹೀರಿ ಒಳಗೆ ಇಟ್ಟುಕೊಳ್ಳುತ್ತದೆ. ಆ ನೀರನ್ನು ಹುಡುಕಿಕೊಂಡು ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆಯುವ ಬಾವಿಯೇ ಸುರಂಗ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಯುವಷ್ಟೇ ಅಗಲ. ಒಳಗೆ ದೀಪವಿಟ್ಟುಕೊಂಡು ಕೆಲಸ ಮಾಡಬೇಕು. ದೀಪ ಮಂಕಾದರೆ ಗಾಳಿ ಕಡಿಮೆಯಾಯಿತೆಂದು ತಿಳಿದು ಹೊರಗೆ ಬರಬೇಕು. ಮೆದು ಶೇಡಿಮಣ್ಣು ಸಿಕ್ಕರೆ ಕುಸಿಯುವ ಭಯ. ನೀರು ಸಿಕ್ಕಿದ ಮೇಲೆ ಪಂಪು ಬೇಡ, ವಿದ್ಯುತ್ತು ಬೇಡ. ತೆಳುವಾಗಿ, ತನ್ನಷ್ಟಕ್ಕೆ, ಹಗಲಿರುಳೂ ಹರಿದು ಬರುತ್ತದೆ. ಭಟ್ಟರ ಸುರಂಗವನ್ನು ಅವರ ತಂದೆ ತೋಡಿಸಿದ್ದು. ಸುತ್ತಲಿನವರೆಲ್ಲ ಕೊಳವೆಬಾವಿ ಕೊರೆಸಿದರೂ ಭಟ್ಟರು ಒಪ್ಪಲಿಲ್ಲ. ತೋಟಕ್ಕೆ ತಗ್ಗಿನ ಕೆರೆಯ ನೀರು. ಮನೆಗೆ, ಅತಿಥಿಗಳಿಗೆ, ದನಕ್ಕೆ, ಹೊಸದಾಗಿ ನೆಟ್ಟ ನೂರೈವತ್ತು ಅಡಿಕೆ ಸಸಿಗಳಿಗೆ ಸುರಂಗದ ನೀರು.

ಮೇ ತಿಂಗಳಲ್ಲಿ ಆ ಧಾರೆ ಎಷ್ಟೆಂದು ನಾನೇ ಗಡಿಯಾರ ಹಿಡಿದು ನೋಡಿದ್ದೆ. ಹದಿನೈದು ಲೀಟರಿನ ಬಕೆಟ್ ತುಂಬಲು ಐದು ನಿಮಿಷ. ದಿನಕ್ಕೆ 4,320 ಲೀಟರ್. ಟಾಂಕಿ ಹಿಡಿಯುವುದು ನಲವತ್ತು ಸಾವಿರ ಲೀಟರ್. ಒಂದು ತೊಟ್ಟೂ ಬಳಸದೆ ಬಿಟ್ಟರೂ ತುಂಬಲು ಒಂಬತ್ತು ದಿನಕ್ಕೆ ಮೇಲೆ ಬೇಕು. ಗಣಿತದ ಅಧ್ಯಾಪಕನಾಗಿದ್ದವನಿಗೆ ಈ ಲೆಕ್ಕ ಬಹಳ ಇಷ್ಟವಾಗಿ ನೋಟುಪುಸ್ತಕದಲ್ಲಿಯೂ ಬರೆದಿಟ್ಟೆ.

ಮೇ ತಿಂಗಳ ಎರಡನೆಯ ವಾರದ ಗುರುವಾರ ತಿರುವನಂತಪುರದಿಂದ ಒಂದು ಕುಟುಂಬ ಬಂದಿತು. ಗಂಡ ಹೆಂಡತಿ, ಇಬ್ಬರು ಮೊಮ್ಮಕ್ಕಳು. ಹಿರಿಯರು ಸರಕಾರಿ ಕಚೇರಿಯಿಂದ ನಿವೃತ್ತರಾದವರು, ಸಜ್ಜನರು. ಸಂಜೆ ನಾನು ಸಸಿಗಳಿಗೆ ನೀರು ಬಿಟ್ಟು, ಕೊಳವೆಯನ್ನು ಮೇಲಿನ ಸಾಲಿನ ಬುಡಕ್ಕೆ ಇಟ್ಟು, ಅರ್ಧ ಗಂಟೆಯಲ್ಲಿ ಬದಲಿಸಿದರಾಯಿತೆಂದು ಜಗಲಿಗೆ ಬಂದೆ. ಅವರು ನನ್ನ ಮಲಯಾಳವನ್ನು ಕೇಳಿ ನಗುತ್ತ, "ನೀವು ಕರ್ನಾಟಕದಿಂದ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?" ಎಂದು ಕೇಳಿದರು.

ಅಷ್ಟು ಸಾಕಾಯಿತು. ಕುಂಬಳೆ ಸೀಮೆಯ ಪಾರ್ತಿಸುಬ್ಬನಿಂದ ಆರಂಭಿಸಿದೆ. ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದುದು, 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದುದು, ಅದು ಜಾರಿಗೆ ಬಾರದೆ ಉಳಿದುದು, 1984ರಲ್ಲಿ ಕಾಸರಗೋಡೇ ಜಿಲ್ಲೆಯಾದುದು, ಮಂಜೇಶ್ವರದ ಗೋವಿಂದ ಪೈಗಳು, ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು: ಒಂದನ್ನೂ ಬಿಡಲಿಲ್ಲ. ನಡುವೆ ಊಟವಾಯಿತು, ಊಟದ ಮೇಲೆ ಮತ್ತೆ ಮುಂದುವರಿಸಿದೆ. ಮಕ್ಕಳು ಜಗಲಿಯ ಮೇಲೆಯೇ ನಿದ್ದೆ ಹೋದರು. ಆ ಹಿರಿಯರು ಮಾತ್ರ ಕೊನೆಯವರೆಗೂ ಕೇಳಿದರು. ಗಂಟೆ ಹನ್ನೊಂದು ದಾಟಿತ್ತು. ಬಹಳ ಕಾಲದ ಮೇಲೆ ಒಳ್ಳೆಯ ಪಾಠ ಮಾಡಿದ ತೃಪ್ತಿಯಿಂದ ಮಲಗಿದೆ.

ಬೆಳಿಗ್ಗೆ ತೋಟದ ಹಿರಿಯ ಕೆಲಸದವರು ಬಂದು ಅಂಗಳದಲ್ಲಿ ನಿಂತರು. "ನೀರ್ ಪೂರಾ ಪೋಂಡ್, ಮಾಸ್ಟ್ರೇ" ಎಂದು ತುಳುವಿನಲ್ಲಿ ಅಷ್ಟೇ ಹೇಳಿದರು.

ಟಾಂಕಿಯ ತಳದ ಕೆಸರು ಕಾಣುತ್ತಿತ್ತು. ನಲವತ್ತು ಸಾವಿರ ಲೀಟರ್ ನೀರು ರಾತ್ರಿಯಿಡೀ ಒಂದೇ ಸಾಲಿನಲ್ಲಿ ಹರಿದು, ಸಸಿಗಳ ಬುಡದ ಮಣ್ಣನ್ನು ಕೊಚ್ಚಿಕೊಂಡು ತೋಡಿಗೆ ಇಳಿದಿತ್ತು. ಹಲವು ಸಸಿಗಳು ಬೇರು ಹೊರಗೆ ಚಾಚಿ ಬಿದ್ದಿದ್ದವು. ತಗ್ಗಿನ ಕೆರೆಯಲ್ಲಿಯೂ ಉಳಿದದ್ದು ಕೆಸರು ಬೆರೆತ ನೀರು. ಮನೆಯಲ್ಲಿ ನಾಲ್ಕು ಮಂದಿ ಅತಿಥಿಗಳು ಸ್ನಾನಕ್ಕೆ ಕಾದಿದ್ದರು.

ನಾನು ಟಾಂಕಿಯ ದಂಡೆಯ ಮೇಲೆ ಸುಮ್ಮನೆ ನಿಂತುಬಿಟ್ಟೆ. ಮಾಷರು ಬಂದು ನೋಡಿದರು, ಏನೂ ಹೇಳಲಿಲ್ಲ. ಮುಂಡನ್ನು ಎತ್ತಿ ಕಟ್ಟಿ, ಚಪ್ಪಲಿ ಹಾಕಿಕೊಂಡು, ಗುಡ್ಡದಾಚೆಯ ನೆರೆಮನೆಗೆ ನಡೆದರು. ಆ ಮನೆಯವರ ಕೊಳವೆಬಾವಿಯಿಂದ ಪಿಕಪ್ ವಾಹನದಲ್ಲಿ ಪ್ಲಾಸ್ಟಿಕ್ ಟಾಂಕಿ ಇರಿಸಿ ನೀರು ತರಿಸುವ ಏರ್ಪಾಡಾದಾಗ ಒಂಬತ್ತು ಗಂಟೆ. ಅಂಗಳದಿಂದ ಬಚ್ಚಲಿಗೆ ಬಕೆಟುಗಳನ್ನು ಹೊತ್ತವರಲ್ಲಿ ತಿರುವನಂತಪುರದ ಆ ಹಿರಿಯರೂ ಒಬ್ಬರು. ನಾನು ತಡೆದರೆ, "ನಿನ್ನೆ ನಾನು ಆ ಪ್ರಶ್ನೆಯನ್ನು ಕೇಳದಿದ್ದರೆ ನೀರು ಹೋಗುತ್ತಿರಲಿಲ್ಲವಲ್ಲ" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಆ ಸಂಜೆ ಅಮೆರಿಕದಿಂದ ಭಟ್ಟರ ಕರೆ ಬಂತು. ಅಲ್ಲಿ ಬೆಳಗಿನ ಹೊತ್ತು. ಮಗು ಅಳುವುದು ಕೇಳಿಸುತ್ತಿತ್ತು. "ಎಲ್ಲ ಹೇಗಿದೆ ಮಾಸ್ಟ್ರೇ?" ಎಂದರು. "ಎಲ್ಲವೂ ಕ್ಷೇಮ. ಅತಿಥಿಗಳು ಸಂತೋಷದಲ್ಲಿದ್ದಾರೆ" ಎಂದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ನನ್ನ ಸಮಾಧಾನಕ್ಕೆ ಕಾರಣಗಳನ್ನು ಹುಡುಕಿಕೊಂಡೆ. ನೀರಿಲ್ಲವೆಂಬ ಸುದ್ದಿ ಮಗನ ಕಿವಿಗೆ ಬಿದ್ದರೆ ತೋಟ ಮಾರಲು ಅದೇ ನೆಪವಾಗಬಹುದು, ಭಟ್ಟರ ಮನಸ್ಸು ಅಲ್ಲಿಯೇ ಮುರಿಯಬಹುದು ಎಂದುಕೊಂಡೆ. ಅದರಲ್ಲಿ ಸ್ವಲ್ಪ ಸತ್ಯವಿತ್ತು. ಹೆಚ್ಚಿನದು ಅವಮಾನದ ಭಯ. ಅಂದು ನೋಟುಪುಸ್ತಕದ ಸರದಿಯೂ ನನ್ನದೇ. 'ಅತಿಥಿಗಳು ನಾಲ್ಕು ಮಂದಿ. ಸೆಕೆ ಬಹಳ. ದನಕ್ಕೆ ಹಿಂಡಿ ತರಬೇಕು' ಎಂದು ಬರೆದು ಮುಚ್ಚಿಟ್ಟೆ.

ಮರುದಿನ, ಶನಿವಾರ, ಮಾಷರ ಸರದಿ. ರಾತ್ರಿ ಅವರು ಮಲಗಿದ ಮೇಲೆ ನಾನು ಪುಸ್ತಕವನ್ನು ತೆರೆದೆ. ಅವರು ನನ್ನ ತಪ್ಪನ್ನು ಬರೆದೇ ಬರೆದಿರುತ್ತಾರೆಂದು ನನಗೆ ಖಚಿತವಿತ್ತು. ದೀಪದ ಹತ್ತಿರ ಹಿಡಿದು ಅಕ್ಷರ ಕೂಡಿಸಿ ಓದಿದೆ. ಬರೆದಿದ್ದರು, ನಿಜ. ಗುರುವಾರ ರಾತ್ರಿ ವಾಲ್ವು ಮುಚ್ಚಲು ಮರೆತದ್ದು, ಟಾಂಕಿ ಬರಿದಾದದ್ದು, ನೆರೆಮನೆಯಿಂದ ನೀರು ತಂದದ್ದು, ಹನ್ನೊಂದು ಸಸಿಗಳು ಉಳಿಯಲಾರವೆಂಬುದು: ಎಲ್ಲವೂ ಇತ್ತು. ಆದರೆ ವಾಕ್ಯದ ಮೊದಲ ಪದ 'ಞಙ್ಙಳ್' ಎಂದಿತ್ತು. ನಾವು ಮರೆತೆವು.

ಆ ಪದದ ಮೇಲೆ ಬಹಳ ಹೊತ್ತು ಬೆರಳಿಟ್ಟು ಕುಳಿತೆ. ಒಂದನೆಯ ತರಗತಿಯ ಮಕ್ಕಳಿಗೆ ನಾವು ವರ್ಣಮಾಲೆ ಕಲಿಸುವಾಗ ಙ, ಞ ಎಂಬ ಎರಡು ಅಕ್ಷರಗಳನ್ನು ಬರೆಸುತ್ತೇವೆ. 'ಇವು ಎಲ್ಲಿ ಬರುತ್ತವೆ ಮಾಸ್ಟ್ರೇ?' ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಒಳ್ಳೆಯ ಉತ್ತರವಿರುವುದಿಲ್ಲ. ಆ ಎರಡೂ ಅಕ್ಷರಗಳು ನೆರೆಯವರ ಒಂದೇ ಪದದಲ್ಲಿ ಜೊತೆಯಾಗಿ ನಿಂತಿದ್ದವು. ಮಲಯಾಳದಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ 'ನಮ್ಮಳ್'. ಅವರನ್ನು ಬಿಟ್ಟು ನಾವಷ್ಟೇ ಎಂದಾದರೆ 'ಞಙ್ಙಳ್'. ತುಳುವಿನಲ್ಲಿ 'ನಮ', 'ಎಂಕುಲು' ಎಂದು ಇದೇ ಭೇದವಿದೆ. ಹವ್ಯಕರ ಮನೆಮಾತಿನಲ್ಲಿ 'ನಾವು', 'ಎಂಗೊ' ಎಂದಿದೆ. ನಮ್ಮ ಪುಸ್ತಕದ ಕನ್ನಡದಲ್ಲಿ ಮಾತ್ರ ಎರಡಕ್ಕೂ ಒಂದೇ ಪದ. ಮಾಷರು ಓದುವವರಾದ ಭಟ್ಟರನ್ನು ಹೊರಗಿಟ್ಟು, ನನ್ನನ್ನೂ ತಮ್ಮನ್ನೂ ಒಂದೇ ಪದದೊಳಗೆ ಇಟ್ಟಿದ್ದರು. ಆ ರಾತ್ರಿ ಅವರು ಎಂಟು ಗಂಟೆಗೇ ಮಲಗಿದ್ದರು. ವಾಲ್ವಿಗೂ ಅವರಿಗೂ ಸಂಬಂಧವೇ ಇರಲಿಲ್ಲ.

ಭಾನುವಾರ ಸಂಜೆ ಕರೆ ಬರುವುದನ್ನು ಕಾಯದೆ ನಾನೇ ಕರೆ ಮಾಡಿದೆ. ಆದುದನ್ನೆಲ್ಲ ಹೇಳಿದೆ, ಶುಕ್ರವಾರ ಸುಳ್ಳು ಹೇಳಿದೆನೆಂಬುದನ್ನೂ ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ಅತಿಥಿಗಳಿಗೆ ಸ್ನಾನಕ್ಕೆ ನೀರು ಸಿಕ್ಕಿತೇ?" ಎಂದು ಭಟ್ಟರು ಕೇಳಿದರು.

"ಸಿಕ್ಕಿತು."

"ಸುರಂಗದ ಬಾಯಿಯಲ್ಲಿ ಧಾರೆ ಇದೆಯೇ?"

"ಇದೆ. ಐದು ನಿಮಿಷಕ್ಕೆ ಒಂದು ಬಕೆಟ್."

"ಹಾಗಾದರೆ ಟಾಂಕಿ ತುಂಬುತ್ತದೆ. ಸಣ್ಣವನಿದ್ದಾಗ ನಾನೂ ಒಮ್ಮೆ ನೀರು ಬಿಟ್ಟು ಆಟ ನೋಡಲು ಹೋಗಿ ಬೆಳಗಾದ ಮೇಲೆ ಮನೆಗೆ ಬಂದಿದ್ದೆ. ಅಪ್ಪ ಮೂರು ದಿನ ನನ್ನೊಡನೆ ಮಾತನಾಡಿರಲಿಲ್ಲ. ನಿಮ್ಮೊಡನೆ ಎರಡನೆಯ ದಿನವೇ ಮಾತನಾಡುತ್ತಿದ್ದೇನಲ್ಲ" ಎಂದರು.

ಮರುವಾರ ಕೋಯಿಕ್ಕೋಡು ಕಡೆಯಿಂದ ನಿಪಾ ಜ್ವರದ ಸುದ್ದಿ ಬಂತು. ಬಾವಲಿಗಳಿಂದ ಬರುವ ರೋಗವೆಂದು ಪತ್ರಿಕೆಗಳು ಬರೆದವು. ಕೋಣೆ ಹೇಳಿಟ್ಟವರು ಒಬ್ಬೊಬ್ಬರಾಗಿ ಬರುವುದಿಲ್ಲವೆಂದು ತಿಳಿಸಿದರು. ಮಾವಿನ ಮರದಡಿಯಲ್ಲಿ ಬಿದ್ದ ಹಣ್ಣನ್ನು ಹೆಕ್ಕುವವರಿಲ್ಲ. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಟಾಂಕಿ ನಿಧಾನವಾಗಿ ತುಂಬುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಮಾಷರು ತಮ್ಮ ಪೆಟ್ಟಿಗೆಯಿಂದ ಒಂದು ಹಾಳೆಯನ್ನು ತಂದು ನನ್ನ ಕೈಗಿತ್ತರು. ಬೆಂಗಳೂರಿನಲ್ಲಿರುವ ಮೊಮ್ಮಗಳು ಬರೆದ ಪತ್ರ, ಕನ್ನಡದಲ್ಲಿ. ಅಕ್ಷರಗಳು ಗುಂಡಗೆ, ಸಾಲುಗಳು ಓರೆ. ಮಾಷರಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ನಾನು ಓದಿ ಹೇಳಿದೆ. ಶಾಲೆಯಲ್ಲಿ ಬಿಳಿ ಬೆಕ್ಕು ಬಂದದ್ದು, ಗೆಳತಿಯ ಹುಟ್ಟುಹಬ್ಬಕ್ಕೆ ಹೋದದ್ದು, ಅಜ್ಜ ಯಾವಾಗ ಬರುವುದೆಂಬ ಪ್ರಶ್ನೆ. ಅವರು ಎರಡನೆಯ ಸಲ ಓದಿಸಿದರು.

"ಅಲ್ಲಿಯ ಸರಕಾರ ಶಾಲೆಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿದ್ದರಿಂದ ಕಲಿತಳು" ಎಂದು ಮಾಷರು ಹೇಳಿದರು. ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಮೊಮ್ಮಗಳ ಮೇಲಿನ ಹೆಮ್ಮೆಯೇ ಇತ್ತು. ಆದರೂ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೇಳಿದೆ: "ಮಾಷೇ, ನಿಮ್ಮ ಮೊಮ್ಮಗಳು ಅಲ್ಲಿಗೆ ಹೋದವಳು. ನಾವು ಇಲ್ಲಿಯೇ ಇದ್ದವರು. ನಮ್ಮ ಮಕ್ಕಳು ತಮ್ಮ ಅಂಗಳದಲ್ಲಿಯೇ ಹೊರಗಿನವರಾಗಬಾರದೆಂಬುದಷ್ಟೇ ನಮ್ಮ ಸಂಕಟ."

ಅವರು ಪತ್ರವನ್ನು ಮಡಚುತ್ತ, "ಅದು ಸರಿಯಾದ ಮಾತು. ಆದರೆ ಕಳೆದ ವರ್ಷ ನೀವು ಅದನ್ನು ನನಗೆ ಹೇಳಲಿಲ್ಲ. ಮೈಕಿನಲ್ಲಿ ಹೇಳಿದಿರಿ" ಎಂದರು.

ಗಡಿನಾಡಿನ ಕನ್ನಡದ ವಿಷಯದಲ್ಲಿ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ. ಕನ್ನಡ ಶಾಲೆ ಉಳಿಯಬೇಕು, ಕನ್ನಡ ಬಲ್ಲ ಅಧ್ಯಾಪಕರೇ ಅಲ್ಲಿಗೆ ಬರಬೇಕು, ಕಚೇರಿಯ ಅರ್ಜಿ ನಮ್ಮ ಅಕ್ಷರದಲ್ಲಿಯೂ ಇರಬೇಕು. ಅದಕ್ಕಾಗಿ ಮೈಕೂ ಬೇಕು. ಆದರೆ ಇಪ್ಪತ್ತು ವರ್ಷ ಎರಡು ಮೇಜಿನಾಚೆ ಕುಳಿತ ಮನುಷ್ಯನಿಗೆ ಇದನ್ನು ಒಮ್ಮೆಯೂ ಮೆಲುದನಿಯಲ್ಲಿ ಹೇಳದೆ, ಹಾದಿಹೋಕ ಅತಿಥಿಗೆ ನಾಲ್ಕು ಗಂಟೆ ಹೇಳಿದೆನೆಂಬುದು ನನ್ನನ್ನು ಬಹುಕಾಲ ಕಾಡಿತು.

ಮೇ 29ರಂದು ಮುಂಗಾರು ಕೇರಳಕ್ಕೆ ಬಂದಿತೆಂದು ಹವಾಮಾನ ಇಲಾಖೆ ಸಾರಿತು. ಅದೇ ದಿನ ಮಂಗಳೂರಿನ ಬೀದಿಗಳಲ್ಲಿ ನೆರೆ. ನಮ್ಮ ಗುಡ್ಡದ ಮೇಲೆಯೂ ಆಕಾಶ ಹರಿದಂತೆ ಸುರಿಯಿತು. ಜೂನ್ ಮೊದಲ ವಾರ ಬಿಡುವು ಸಿಕ್ಕಾಗ ನಾನೂ ಮಾಷರೂ ಗೊರಬು ಹಾಕಿಕೊಂಡು, ಕೆಲಸದ ಹಿರಿಯರು ತೋಡಿಕೊಟ್ಟ ಗುಂಡಿಗಳಲ್ಲಿ ಹನ್ನೊಂದು ಹೊಸ ಸಸಿಗಳನ್ನು ನೆಟ್ಟೆವು. ಭಟ್ಟರ ದಂಪತಿ ಮರಳಿದ ದಿನ ಟಾಂಕಿ ತುಂಬಿ ಹೊರಚೆಲ್ಲುತ್ತಿತ್ತು. ಭಟ್ಟರ ಪತ್ನಿ ಮೊದಲು ನೋಟುಪುಸ್ತಕವನ್ನು ಕೇಳಿದರು. ಎರಡೂ ಲಿಪಿಗಳ ಪುಟಗಳನ್ನು ಭಟ್ಟರು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಿದರು. ತೋಟ ಮಾರುವ ಮಾತನ್ನು ನಾವು ಕೇಳಲಿಲ್ಲ. ಮರುದಿನ ಅವರು ಔಷಧ ಸಿಂಪಡಿಸಲು ಮೈಲುತುತ್ತು, ಸುಣ್ಣ ತರಲು ಪೇಟೆಗೆ ಹೊರಟುದನ್ನು ಕಂಡು ಉತ್ತರ ತಿಳಿಯಿತು.

ಈಗ ಹೋಮ್‌ಸ್ಟೇ ಇಲ್ಲ. 2020ರಲ್ಲಿ ಕೊರೋನಾ ಬಂದಾಗ ನಿಂತದ್ದು ಮತ್ತೆ ಆರಂಭವಾಗಲಿಲ್ಲ. ಮಾಷರು ನೀಲೇಶ್ವರದ ಕಡೆಯ ತಮ್ಮ ಮೂಲ ಮನೆಗೆ ಹೋದರು. ಭಟ್ಟರ ದಂಪತಿ ಮಗನಲ್ಲಿಗೆ ಹೋದಾಗಲೆಲ್ಲ ಮನೆ ಕಾಯುವವನು ನಾನೇ. ವಿಷುವಿಗೆ ಮಾಷರು ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಮೊದಲು ನೆಟ್ಟ ಸಸಿಗಳು ಗೊನೆ ಬಿಟ್ಟಿವೆ. ನಾವು ನೆಟ್ಟ ಹನ್ನೊಂದು ಒಂದು ವರ್ಷ ತಡವಾಗಿ ಬಿಟ್ಟವು. ದೂರದಿಂದ ನೋಡಿದರೆ ಯಾವುದು ಯಾವುದೆಂದು ಈಗ ತಿಳಿಯುವುದಿಲ್ಲ.

ಈ ವಿಷುವಿನ ರಾತ್ರಿಯೂ ಊಟವಾಗಿ ಜಗಲಿಯಲ್ಲಿ ಕುಳಿತಿದ್ದೆವು. ಸಮ್ಮೇಳನದಲ್ಲಿ ಮಾತನಾಡಲು ಸಂಘದವರು ಕರೆದಿದ್ದಾರೆಂದೂ, ವಿಷಯವನ್ನು ನಿಮಗೆ ಸ್ವಲ್ಪ ಹೇಳಿ ನೋಡುತ್ತೇನೆಂದೂ ಮಾಷರೊಡನೆ ಅಂದೆ. ಅವರು ಗೋಡೆಗೆ ಒರಗಿ, ಕಾಲು ನೀಡಿ, "ಹೇಳಿ, ಹೇಳಿ. ವಾಲ್ವು ಮುಚ್ಚಿದ್ದೀರಲ್ಲ?" ಎಂದರು.

ಎದ್ದು ಹೋಗಿ ನೋಡಿ ಬಂದೆ. ಮುಚ್ಚಿತ್ತು.